ಶಿಷ್ಯರು ಕಂಡ ಸಾಮರ್‌ಫೆಲ್ಡ್

ಅಧ್ಯಾಪಕರು ವಿದ್ಯಾರ್ಥಿಗಳನ್ನು ವರ್ಷಕ್ಕೆ ಒಂದೆರಡು ಸಲ ಪರೀಕ್ಷಿಸುತ್ತಾರೆ. ವಿದ್ಯಾರ್ಥಿಗಳು ಅಧ್ಯಾಪಕರನ್ನು ದಿನವೂ ಪರೀಕ್ಷಿಸುತ್ತಾರೆ. ಗಂಟೆ ಬಾರಿಸಿ, ಪಾಠ ಮುಗಿದು, ಹುಡುಗರು ಕಾಲೇಜಿನ ಜಗಲಿಯಲ್ಲೋ ಹಾಸ್ಟೆಲಿನ ಊಟದ ಮನೆಯಲ್ಲೋ ಕಾಫಿ ಹೋಟೆಲಿನ ಮೂಲೆಯ ಮೇಜಿನ ಸುತ್ತಲೋ ಕಲೆತಾಗ ಆ ಪರೀಕ್ಷೆಯ ಫಲಿತಾಂಶ ಹೊರಬೀಳುತ್ತದೆ. ಮೇಷ್ಟರ ನಡಿಗೆ, ಕೋಟು, ಮೀಸೆ, ಕೆಮ್ಮು, ಕರಿಹಲಗೆಯ ಮೇಲೆ ಅವರು ಮಾಡಿದ ತಪ್ಪು, ಪ್ರಶ್ನೆ ಕೇಳಿದವನನ್ನು ಅವರು ಗದರಿಸಿದ ರೀತಿ—ಯಾವುದೂ ಅಲ್ಲಿ ಬಿಟ್ಟುಹೋಗುವುದಿಲ್ಲ. ಒಂದು ಅಡ್ಡಹೆಸರು ಹುಟ್ಟಿ, ಅದು ಮುಂದಿನ ತಂಡಕ್ಕೂ ಬಳುವಳಿಯಾಗಿ ಹೋಗುತ್ತದೆ. ಆದರೆ ಈ ತೀರ್ಪುಗಳು ಬರವಣಿಗೆಗೆ ಇಳಿಯುವುದು ಅಪರೂಪ. ಹುಡುಗರು ಊರು ಬಿಟ್ಟು, ನೌಕರಿ ಹಿಡಿದು, ಸಂಸಾರಸ್ಥರಾಗುವ ವೇಳೆಗೆ ಮೇಷ್ಟರ ಹೆಸರೇ ಅರ್ಧ ಮರೆತಿರುತ್ತದೆ.

ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಆರ್ನಾಲ್ಡ್ ಸಾಮರ್‌ಫೆಲ್ಡರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ಕೈಕೆಳಗೆ ಓದಿದ ಹುಡುಗರಲ್ಲಿ ನಾಲ್ವರು—ಡಿಬೈ, ಹೈಸೆನ್‌ಬರ್ಗ್, ಪೌಲಿ, ಬೆಥೆ—ಮುಂದೆ ನೊಬೆಲ್ ಬಹುಮಾನ ಪಡೆದರು. ಇನ್ನೂ ಹತ್ತಾರು ಮಂದಿ ಯೂರೋಪು ಅಮೆರಿಕಗಳ ವಿಶ್ವವಿದ್ಯಾನಿಲಯಗಳಲ್ಲಿ ಪೀಠಗಳನ್ನಲಂಕರಿಸಿದರು. ಅಂತಹವರು ತಮ್ಮ ಮೇಷ್ಟರ ವಿಷಯವಾಗಿ ಬರೆದ ಕಾಗದಗಳು, ಮುಪ್ಪಿನಲ್ಲಿ ಬರೆದ ನೆನಪುಗಳು, ಇತಿಹಾಸಕಾರರ ಮುಂದೆ ಕುಳಿತು ಆಡಿದ ಮಾತುಗಳು ಉಳಿದುಬಂದಿವೆ. ಅವನ್ನೆಲ್ಲ ಒಂದೆಡೆ ಇಟ್ಟು ನೋಡಿದಾಗ ಒಬ್ಬ ಅಧ್ಯಾಪಕನ ಚಿತ್ರ ಮೂಡುತ್ತದೆ. ಅದು ದೇವರ ಪಟವಲ್ಲ. ಶಿಷ್ಯರು ಅದರಲ್ಲಿ ಸುಕ್ಕುಗಳನ್ನೂ ಕಲೆಗಳನ್ನೂ ಬಿಡದೆ ಬರೆದಿದ್ದಾರೆ.

ಸಾಮರ್‌ಫೆಲ್ಡರು ಹುಟ್ಟಿದ್ದು 1868ರಲ್ಲಿ, ಪೂರ್ವ ಪ್ರಷ್ಯದ ಕೊನಿಗ್ಸ್‌ಬರ್ಗ್ ಎಂಬ ಊರಿನಲ್ಲಿ. ಓದಿದ್ದು ಗಣಿತ. ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಫೆಲಿಕ್ಸ್ ಕ್ಲೈನ್ ಎಂಬ ಮಹಾಗಣಿತಜ್ಞರ ಸಹಾಯಕರಾಗಿದ್ದು, ಪಾಠವನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸುವ ವಿದ್ಯೆಯನ್ನು ಅಲ್ಲಿ ಕಲಿತರು. 1906ರಲ್ಲಿ ಮ್ಯೂನಿಕ್ಕಿಗೆ ಬಂದವರು ಕೊನೆಯವರೆಗೂ ಅಲ್ಲಿಯೇ ನಿಂತರು. ಗಿಡ್ಡನೆಯ, ಗಟ್ಟಿಮುಟ್ಟಾದ ಆಳು. ಮೇಲಕ್ಕೆ ತೀಡಿದ ಮೀಸೆ. ವಿದ್ಯಾರ್ಥಿದೆಸೆಯ ಕತ್ತಿವರಸೆಯಲ್ಲಿ ಮುಖದ ಮೇಲೆ ಬಿದ್ದಿದ್ದ ಗಾಯದ ಗುರುತು. ನೋಡಿದವರಿಗೆ ಪ್ರಾಧ್ಯಾಪಕರೆಂದು ತೋರುತ್ತಿರಲಿಲ್ಲ. ಕುದುರೆಯ ದಂಡಿನ ಮುದಿ ಸರದಾರನ ಹಾಗೆ ಕಾಣುವುದಿಲ್ಲವೇ ಎಂದು ಪೌಲಿ ತನ್ನ ಕಿರಿಯ ಗೆಳೆಯ ಹೈಸೆನ್‌ಬರ್ಗನ ಕಿವಿಯಲ್ಲಿ ಉಸುರಿದ್ದನಂತೆ. ಹೊರಚಹರೆಯ ಬಗ್ಗೆ ವಿದ್ಯಾರ್ಥಿಲೋಕ ಕೊಟ್ಟ ತೀರ್ಪು ಇದು.

ಆ ಹೈಸೆನ್‌ಬರ್ಗ್ ಮ್ಯೂನಿಕ್ ವಿಶ್ವವಿದ್ಯಾನಿಲಯಕ್ಕೆ ಕಾಲಿಟ್ಟ ಕಥೆ ಸ್ವಾರಸ್ಯವಾಗಿದೆ. 1920ನೆಯ ಇಸವಿ. ಹುಡುಗನಿಗೆ ಹದಿನೆಂಟು ವರ್ಷ. ತಂದೆ ಅದೇ ವಿಶ್ವವಿದ್ಯಾನಿಲಯದಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕರು. ಮಗನಿಗೆ ಗಣಿತದಲ್ಲಿ ಆಸೆ. ಮೊದಲ ವರ್ಷದಲ್ಲೇ ಹಿರಿಯ ವಿದ್ಯಾರ್ಥಿಗಳ ಚರ್ಚಾಗೋಷ್ಠಿಗೆ ಸೇರಬೇಕೆಂಬ ಹಂಬಲ. ತಂದೆ ಹೇಳಿಕಳುಹಿಸಿದಂತೆ ಲಿಂಡೆಮನ್ ಎಂಬ ಪ್ರಸಿದ್ಧ ಗಣಿತಜ್ಞರನ್ನು ಕಾಣಲು ಹೋದನು. ವೃತ್ತವನ್ನು ಚೌಕಮಾಡುವ ಪ್ರಾಚೀನ ಸಮಸ್ಯೆ ಅಸಾಧ್ಯವೆಂದು 1882ರಲ್ಲಿ ಸಾಧಿಸಿದವರು ಅವರೇ. ಕತ್ತಲು ಕವಿದ ಹಳೆಯ ಕೊಠಡಿ. ಮೇಜಿನ ಮೇಲೆ ಒಂದು ಪುಟ್ಟ ಕರಿಯ ನಾಯಿ. ಹುಡುಗ ಬಾಯಿ ತೆರೆದೊಡನೆ ನಾಯಿ ಬೊಗಳಲು ಮೊದಲಿಟ್ಟಿತು; ಯಜಮಾನರು ಎಷ್ಟು ಸಮಾಧಾನ ಮಾಡಿದರೂ ಸುಮ್ಮನಾಗಲಿಲ್ಲ. ಇತ್ತೀಚೆಗೆ ಯಾವ ಪುಸ್ತಕ ಓದಿದೆ ಎಂದು ಅವರು ಕೇಳಿದರು. ಸಾಪೇಕ್ಷತಾ ಸಿದ್ಧಾಂತವನ್ನು ಕುರಿತು ಹರ್ಮನ್ ವೈಲರು ಬರೆದಿದ್ದ ಗ್ರಂಥದ ಹೆಸರು ಹೇಳಿದ್ದೇ ತಡ, ಹಾಗಾದರೆ ನೀನು ಗಣಿತಕ್ಕೆ ಎರವಾದೆ ಎಂದು ಅವರು ಮಾತು ಮುಗಿಸಿದರು. ನಾಯಿಯೂ ಬಹುಶಃ ಆ ಬಳಿಕ ಸುಮ್ಮನಾಗಿರಬೇಕು.

ಪೆಚ್ಚಾದ ಹುಡುಗ ಸಾಮರ್‌ಫೆಲ್ಡರ ಬಳಿಗೆ ಬಂದನು. ಅದೇ ಪುಸ್ತಕದ ಹೆಸರನ್ನು ಅಲ್ಲಿಯೂ ಹೇಳಿದನು. ಈ ಮೇಷ್ಟರೂ ಅದನ್ನು ಮೆಚ್ಚಿ ಕುಣಿಯಲಿಲ್ಲ. ಅಷ್ಟು ಎತ್ತರದ ಕೊಂಬೆಗೆ ಒಮ್ಮೆಗೇ ಕೈಚಾಚಬಾರದು, ಸಣ್ಣ ಲೆಕ್ಕಗಳನ್ನು ನಿಷ್ಠೆಯಿಂದ ಮಾಡಿ ಕೈ ಪಳಗಿಸಿಕೊಳ್ಳಬೇಕು ಎಂದು ಬುದ್ಧಿ ಹೇಳಿದರು. ನಿನಗೆ ಏನಾದರೂ ಗೊತ್ತಿರಬಹುದು, ಏನೂ ಗೊತ್ತಿಲ್ಲದೆಯೂ ಇರಬಹುದು, ನೋಡೋಣ ಎಂಬ ಧಾಟಿಯಲ್ಲಿ ಮಾತನಾಡಿ, ಗೋಷ್ಠಿಗೆ ಬಂದು ಕುಳಿತುಕೊಳ್ಳಲು ಅನುಮತಿಯನ್ನು ಕೊಟ್ಟೇಬಿಟ್ಟರು. ಇಬ್ಬರು ಪ್ರಾಧ್ಯಾಪಕರಿಗೂ ಒಂದೇ ಉತ್ತರ ದೊರೆತಿತ್ತು. ಒಬ್ಬರು ಬಾಗಿಲು ಮುಚ್ಚಿದರು, ಒಬ್ಬರು ತೆರೆದರು. ಜಗತ್ತಿನ ಭೌತಶಾಸ್ತ್ರ ಆ ಕರಿಯ ನಾಯಿಗೆ ಸ್ವಲ್ಪ ಋಣಿಯಾಗಿದೆಯೆಂದು ಹೇಳಿದರೆ ತಪ್ಪಾಗಲಾರದು.

ಗೋಷ್ಠಿಗೆ ಸೇರಿಸಿಕೊಂಡು ಹುಡುಗನನ್ನು ಮೂಲೆಯಲ್ಲಿ ಕೂಡಿಸಲಿಲ್ಲ. ಮೊದಲ ಅವಧಿಯಲ್ಲೇ ಅವನ ಕೈಗೆ ಒಂದು ಸಮಸ್ಯೆಯನ್ನು ಹಾಕಿದರು. ಬೆಳಕನ್ನು ಸೂಸುವ ಪರಮಾಣುಗಳನ್ನು ಅಯಸ್ಕಾಂತ ಕ್ಷೇತ್ರದಲ್ಲಿಟ್ಟಾಗ ಅವುಗಳ ರೋಹಿತದ ಒಂದೊಂದು ರೇಖೆಯೂ ಹಲವಾಗಿ ಸೀಳುತ್ತದೆ. ಇದು ಜೀಮನ್ ಪರಿಣಾಮವೆಂದು ಹೆಸರಾದದ್ದು. ಕೆಲವು ಪರಮಾಣುಗಳಲ್ಲಿ ಈ ಸೀಳು ಯಾವ ಲೆಕ್ಕಕ್ಕೂ ಸಿಗದೆ ಆ ಕಾಲದ ಪಂಡಿತರನ್ನು ಕಾಡುತ್ತಿತ್ತು. ಪ್ರಯೋಗಗಳಿಂದ ಆಗತಾನೆ ಬಂದ ಅಂಕಿಗಳನ್ನು ಕೊಟ್ಟು, ಇದರೊಳಗಿನ ನಿಯಮವನ್ನು ಹುಡುಕಿ ತಾ ಎಂದರು. ಅದರ ಉತ್ತರ ಮೇಷ್ಟರಿಗೂ ತಿಳಿದಿರಲಿಲ್ಲ. ಉತ್ತರ ತಿಳಿದಿರುವ ಪ್ರಶ್ನೆಗಳನ್ನೇ ಕೇಳಿ ಕೇಳಿ ಹುಡುಗರನ್ನು ಬಳಲಿಸುವುದು ಲೋಕದ ವಾಡಿಕೆ. ಈ ಮೇಷ್ಟರು ತಮಗೆ ಬಾರದ ಪ್ರಶ್ನೆಯನ್ನು, ಬಾರದೆಂದು ಹೇಳಿಯೇ, ಹದಿನೆಂಟರ ಹುಡುಗನ ಮುಂದೆ ಇಟ್ಟರು. ಅವರ ಶಿಷ್ಯರು ಮುದುಕರಾದ ಮೇಲೂ ಮರೆಯದೆ ಹೇಳುತ್ತ ಬಂದ ಗುಣ ಇದು.

ಕೆಲವೇ ವಾರಗಳಲ್ಲಿ ಹುಡುಗ ಉತ್ತರವನ್ನು ತಂದನು. ಆದರೆ ಉತ್ತರ ವಿಚಿತ್ರವಾಗಿತ್ತು. ಪರಮಾಣುವಿನ ಒಳಸ್ಥಿತಿಗಳನ್ನು ಸೂಚಿಸುವ ಕ್ವಾಂಟಂ ಸಂಖ್ಯೆಗಳು ಒಂದು, ಎರಡು, ಮೂರು ಎಂಬ ಪೂರ್ಣಾಂಕಗಳೇ ಆಗಿರಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಈತ ಅರ್ಧ, ಒಂದೂವರೆ ಎಂಬ ಸಂಖ್ಯೆಗಳನ್ನು ಹಾಕಿ ಲೆಕ್ಕವನ್ನು ಸರಿಗೂಡಿಸಿದ್ದನು. ಮೇಷ್ಟರು ಬೆಚ್ಚಿದರು. ಕ್ವಾಂಟಂ ಸಂಖ್ಯೆಗಳ ವಿಷಯದಲ್ಲಿ ಖಚಿತವಾಗಿ ತಿಳಿದಿರುವುದೆಂದರೆ ಅವು ಪೂರ್ಣಾಂಕಗಳೆಂಬುದೊಂದೇ. ಅದನ್ನೂ ಕೈಬಿಟ್ಟರೆ ಉಳಿಯುವುದೇನು? ಅರ್ಧಕ್ಕೆ ಒಪ್ಪಿದರೆ ನಾಳೆ ಕಾಲು, ಅರೆಕಾಲು ಎನ್ನುತ್ತ ಹೋಗಬೇಕಾಗುತ್ತದೆಂದು ಪೌಲಿಯೂ ಹಾಸ್ಯಮಾಡಿದನಂತೆ. ಪ್ರಕಟಣೆ ನಿಂತಿತು. ಕೆಲವು ತಿಂಗಳುಗಳಲ್ಲೇ ಲಾಂಡೆ ಎಂಬ ವಿಜ್ಞಾನಿ ಅದೇ ಅರ್ಧಸಂಖ್ಯೆಗಳನ್ನು ಸ್ವತಂತ್ರವಾಗಿ ಕಂಡುಕೊಂಡು ಪ್ರಕಟಿಸಿದರು. ಮೇಷ್ಟರ ಅತಿಜಾಗರೂಕತೆಯಿಂದ ಹುಡುಗನಿಗೆ ನಷ್ಟವಾಯಿತೆಂಬುದರಲ್ಲಿ ಸಂದೇಹವಿಲ್ಲ. ಹೈಸೆನ್‌ಬರ್ಗ್ ಇದನ್ನು ಮುಂದೆ ಮುಚ್ಚಿಡದೆ ಹೇಳಿದರು. ಆದರೆ ಅವರ ದನಿಯಲ್ಲಿ ಕಹಿಯಿರಲಿಲ್ಲ.

ಸಾಮರ್‌ಫೆಲ್ಡರ ಪಾಠದ ಕ್ರಮವೂ ಗಮನಾರ್ಹವಾದುದು. ಯಂತ್ರಶಾಸ್ತ್ರದಿಂದ ತೊಡಗಿ, ದ್ರವಗಳು ಮತ್ತು ಬಾಗುವ ಘನವಸ್ತುಗಳು, ವಿದ್ಯುತ್ತು, ಬೆಳಕು, ಉಷ್ಣ, ಕೊನೆಗೆ ಭೌತಶಾಸ್ತ್ರಕ್ಕೆ ಬೇಕಾದ ಸಮೀಕರಣಗಳು—ಹೀಗೆ ಆರು ಅವಧಿಗಳಲ್ಲಿ ಒಂದು ಸುತ್ತು. ಮುಗಿದೊಡನೆ ಮತ್ತೆ ಮೊದಲಿನಿಂದ. ಈ ಪಾಠಗಳೇ ಮುಂದೆ ಆರು ಸಂಪುಟಗಳಾಗಿ ಹೊರಬಂದವು. ಇದರ ಜೊತೆಗೆ ಲೆಕ್ಕಗಳ ಅಭ್ಯಾಸ, ಮುಂದುವರಿದವರಿಗಾಗಿ ವಿಶೇಷ ಉಪನ್ಯಾಸ, ಗೋಷ್ಠಿ. ಪರಮಾಣುಗಳ ರಚನೆ ಮತ್ತು ರೋಹಿತರೇಖೆಗಳನ್ನು ಕುರಿತು 1919ರಲ್ಲಿ ಅವರು ಪ್ರಕಟಿಸಿದ ಗ್ರಂಥ ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ವೇದವಾಯಿತು; ಹೊಸ ಸಂಗತಿಗಳು ಬಂದಂತೆಲ್ಲ ಅದನ್ನು ತಿದ್ದಿ ದೊಡ್ಡದು ಮಾಡುತ್ತ ಮತ್ತೆ ಮತ್ತೆ ಅಚ್ಚು ಹಾಕಿಸಿದರು. ಆದರೆ ಶಿಷ್ಯರ ನೆನಪಿನಲ್ಲಿ ಹೆಚ್ಚು ಉಳಿದದ್ದು ವೇಳಾಪಟ್ಟಿಯಲ್ಲಿಲ್ಲದ ಪಾಠಗಳು. ಅರಮನೆಯ ತೋಟದ ಬದಿಯ ಕಾಫಿ ಮಂದಿರದಲ್ಲಿ ಗುರುಶಿಷ್ಯರು ಕಲೆತು ಅಮೃತಶಿಲೆಯ ಮೇಜಿನ ಮೇಲೆಯೇ ಸೀಸದಕಡ್ಡಿಯಿಂದ ಸಮೀಕರಣಗಳನ್ನು ಬರೆಯುತ್ತಿದ್ದರು. ಚಳಿಗಾಲದಲ್ಲಿ ಆಲ್ಪ್ಸ್ ಪರ್ವತದ ತಪ್ಪಲಿನ ಮರದ ಮನೆಗೆ ಹುಡುಗರನ್ನು ಕರೆದೊಯ್ದು, ಹಗಲು ಹಿಮದ ಮೇಲೆ ಜಾರುವ ಆಟ, ಸಂಜೆ ಒಲೆಯ ಸುತ್ತ ಪರಮಾಣುವಿನ ಚರ್ಚೆ. ಪ್ರಾಧ್ಯಾಪಕನೆಂದರೆ ದೂರದಿಂದ ಕೈಮುಗಿಯಬೇಕಾದ ವ್ಯಕ್ತಿಯೆಂದು ತಿಳಿದಿದ್ದ ಅಂದಿನ ಜರ್ಮನಿಯಲ್ಲಿ ಇದು ಸಾಮಾನ್ಯವಾದ ನಡತೆಯಾಗಿರಲಿಲ್ಲ.

ಎವಾಲ್ಡ್ ಎಂಬ ಶಿಷ್ಯನ ಅನುಭವ ಇನ್ನೊಂದು ಬಗೆಯದು. ಡಾಕ್ಟರೇಟ್ ಪ್ರಬಂಧಕ್ಕೆ ವಿಷಯ ಬೇಕೆಂದು 1910ರ ಸುಮಾರಿನಲ್ಲಿ ಅವನು ಮೇಷ್ಟರ ಬಳಿ ಹೋದಾಗ, ಹತ್ತು ಹನ್ನೆರಡು ವಿಷಯಗಳ ಒಂದು ಪಟ್ಟಿಯನ್ನು ಅವನ ಮುಂದೆ ಇಟ್ಟರು. ಹುಡುಗ ಕಣ್ಣುಹಾಯಿಸಿ ಕಟ್ಟಕಡೆಯ ವಿಷಯಕ್ಕೆ ಬೆರಳಿಟ್ಟನು. ಕ್ರಮವಾಗಿ ಜೋಡಿಸಿದ ಕಣಗಳ ನಡುವೆ ಬೆಳಕು ಹೇಗೆ ಸಾಗುತ್ತದೆಂಬುದು ಆ ವಿಷಯ. ಮೇಷ್ಟರು ಸಂಕೋಚದಿಂದ, ಅದನ್ನು ಪಟ್ಟಿಯಲ್ಲಿ ಸೇರಿಸಬಾರದಾಗಿತ್ತೇನೋ, ಅದನ್ನು ಸಾಧಿಸುವ ದಾರಿ ತಮಗೇ ಸ್ಪಷ್ಟವಾಗಿಲ್ಲ, ಉಳಿದವುಗಳಲ್ಲಾದರೆ ನೆರವಾಗಬಲ್ಲೆ ಎಂದು ಎಚ್ಚರಿಸಿದರು. ಎವಾಲ್ಡ್ ಅದನ್ನೇ ಹಿಡಿದನು. ಪ್ರಬಂಧ ಮುಗಿಯುವ ಹೊತ್ತಿನಲ್ಲಿ, 1912ರ ಜನವರಿಯಲ್ಲಿ, ಅದೇ ಸಂಸ್ಥೆಯಲ್ಲಿದ್ದ ಮ್ಯಾಕ್ಸ್ ಫಾನ್ ಲೌಯೆ ಎಂಬ ತರುಣ ಅಧ್ಯಾಪಕರೊಡನೆ ಉದ್ಯಾನದಲ್ಲಿ ನಡೆದಾಡುತ್ತ ತನ್ನ ಕೆಲಸವನ್ನು ವಿವರಿಸಿದನು. ಕಣಗಳ ನಡುವಣ ಅಂತರ ಬೆಳಕಿನ ಅಲೆಗಿಂತ ಬಹಳ ಚಿಕ್ಕದೆಂದು ಕೇಳಿದೊಡನೆ ಲೌಯೆಯವರ ಮನಸ್ಸು ಬೇರೆಲ್ಲೋ ಹಾರಿತು. ಬೆಳಕಿಗಿಂತ ಕಿರಿದಾದ ಅಲೆಗಳನ್ನು, ಎಂದರೆ ಕ್ಷ-ಕಿರಣಗಳನ್ನು, ಸ್ಫಟಿಕದೊಳಕ್ಕೆ ಹಾಯಿಸಿದರೆ?

ಆ ಪ್ರಯೋಗಕ್ಕೆ ಬೇಕಾಗಿದ್ದ ಸಹಾಯಕ ಫ್ರೀಡ್ರಿಕ್ ಸಾಮರ್‌ಫೆಲ್ಡರ ಕೈಕೆಳಗಿನವನು. ಸ್ಫಟಿಕದ ಕಣಗಳು ಶಾಖದಿಂದ ಸದಾ ಕಂಪಿಸುತ್ತಿರುವಾಗ ಯಾವ ಚಿತ್ರವೂ ಮೂಡಲಾರದೆಂದು ಮೇಷ್ಟರು ಅಡ್ಡಮಾತು ಆಡಿದರೆಂದು ಆ ಕಾಲದವರು ಹೇಳುತ್ತ ಬಂದಿದ್ದಾರೆ. ಹುಡುಗರು ಅವರ ಮಾತನ್ನು ಮೀರಿ ಪ್ರಯೋಗ ನಡೆಸಿದರು. ಛಾಯಾಪಟದ ಮೇಲೆ ಚುಕ್ಕೆಗಳು ಮೂಡಿದವು. ಆ ಚುಕ್ಕೆಗಳಿಗೆ ಲೌಯೆಯವರಿಗೆ 1914ರ ನೊಬೆಲ್ ಬಹುಮಾನ ಬಂತು. ಚುಕ್ಕೆಗಳನ್ನು ಕಂಡ ಕ್ಷಣದಿಂದ ಸಾಮರ್‌ಫೆಲ್ಡರು ತಮ್ಮ ಆಕ್ಷೇಪಣೆಯನ್ನು ನುಂಗಿಕೊಂಡರು. 1912ರ ಜೂನ್‌ನಲ್ಲಿ ಆ ಲೇಖನವನ್ನು ಬವೇರಿಯದ ವಿಜ್ಞಾನ ಅಕಾಡೆಮಿಯ ಮುಂದೆ ಇಟ್ಟವರು ಅವರೇ. ತಾವು ಬೇಡವೆಂದದ್ದು ಕೈಗೂಡಿದಾಗ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುವ ಮೇಲಧಿಕಾರಿಗಳು ಎಷ್ಟು ಮಂದಿ ಸಿಗುತ್ತಾರೆಂಬುದನ್ನು ಯಾವ ಸಂಸ್ಥೆಯಲ್ಲಿ ದುಡಿದವರಾದರೂ ಬಲ್ಲರು.

ಪೌಲಿ ವಿಯೆನ್ನದಿಂದ ಬಂದವನು. 1918ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸಾಪೇಕ್ಷತಾ ಸಿದ್ಧಾಂತವನ್ನು ಅರಗಿಸಿಕೊಂಡೇ ಮ್ಯೂನಿಕ್ಕಿಗೆ ಬಂದಿದ್ದನು. ರಾತ್ರಿಯೆಲ್ಲ ಎಚ್ಚರ, ಬೆಳಗ್ಗೆ ನಿದ್ರೆ. ಮುಂಜಾನೆಯ ಪಾಠಗಳಿಗೆ ಅವನ ದರ್ಶನವಾಗುತ್ತಿದ್ದುದು ಅಪರೂಪ. ನಾಲಗೆಯಂತೂ ಅಲಗಿನಂತೆ ಹರಿತ. ಆಗ ಗಣಿತ ವಿಶ್ವಕೋಶಕ್ಕಾಗಿ ಸಾಪೇಕ್ಷತಾ ಸಿದ್ಧಾಂತದ ಮೇಲೆ ವಿಸ್ತಾರವಾದ ಲೇಖನವೊಂದನ್ನು ಸಾಮರ್‌ಫೆಲ್ಡರು ಸಿದ್ಧಪಡಿಸಬೇಕಾಗಿತ್ತು. ಅವರು ಆ ಹೊಣೆಯನ್ನು ಈ ನಿದ್ರಾಲು ಹುಡುಗನಿಗೆ ವಹಿಸಿದರು. 1921ರಲ್ಲಿ, ಬರೆದವನಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಇನ್ನೂರು ಪುಟಗಳನ್ನು ಮೀರಿದ ಆ ಲೇಖನ ಹೊರಬಂತು. ಅದನ್ನು ವಿಮರ್ಶಿಸಿದ ಐನ್‌ಸ್ಟೈನರು, ಇಷ್ಟು ಪಕ್ವವಾದ ಕೃತಿಯನ್ನು ಇಪ್ಪತ್ತೊಂದರ ತರುಣನೊಬ್ಬ ಬರೆದಿದ್ದಾನೆಂದು ಓದಿದವರು ನಂಬಲಾರರೆಂದು ಆಶ್ಚರ್ಯಪಟ್ಟರು. ತಮ್ಮ ಹೆಸರಿನಲ್ಲಿ ಬರಬಹುದಾಗಿದ್ದ ಲೇಖನವನ್ನು ಹುಡುಗನ ಹೆಸರಿಗೆ ಬಿಟ್ಟುಕೊಟ್ಟ ಮೇಷ್ಟರ ವಿಷಯವನ್ನು ಆಗ ಹೆಚ್ಚು ಜನ ಯೋಚಿಸಿರಲಾರರು.

ಇನ್ನು 1923ರ ಜುಲೈ 23ನೆಯ ದಿನದ ಸಂಗತಿ. ಅಂದು ಹೈಸೆನ್‌ಬರ್ಗನ ಡಾಕ್ಟರೇಟಿನ ಮೌಖಿಕ ಪರೀಕ್ಷೆ. ಸಮವಾಗಿ ಹರಿಯುವ ದ್ರವ ಯಾವ ಹಂತದಲ್ಲಿ ಸುಳಿಸುಳಿಯಾಗಿ ಕದಡುತ್ತದೆಂಬ ಕಠಿನವಾದ ಸಮಸ್ಯೆಯ ಮೇಲೆ ಅವನು ಪ್ರಬಂಧವನ್ನು ಬರೆದಿದ್ದನು. ವೇಳೆಗೆ ಅವನ ಹೆಸರು ಗಾಟಿಂಗೆನ್‌ನಲ್ಲೂ ಕೇಳಿಬಂದಿತ್ತು. 1922ರಲ್ಲಿ ನೀಲ್ಸ್ ಬೋರರ ಉಪನ್ಯಾಸಗಳನ್ನು ಕೇಳಲು ಸಾಮರ್‌ಫೆಲ್ಡರು ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ತಾವು ಅಮೆರಿಕಕ್ಕೆ ಹೋಗಬೇಕಾಗಿ ಬಂದ ಚಳಿಗಾಲದಲ್ಲಿ ಹುಡುಗ ತಬ್ಬಲಿಯಾಗಬಾರದೆಂದು ಅಲ್ಲಿಯ ಮ್ಯಾಕ್ಸ್ ಬಾರ್ನರ ಬಳಿಗೆ ಕಳುಹಿಸಿದ್ದರು. ಹೀಗೆ ಎರಡು ವಿಶ್ವವಿದ್ಯಾನಿಲಯಗಳ ಕಣ್ಮಣಿಯಾಗಿದ್ದವನು ಪ್ರಯೋಗಶಾಲೆಯ ಕೆಲಸವನ್ನು ಮಾತ್ರ ಅಸಡ್ಡೆಮಾಡಿದ್ದನು. ಪ್ರಯೋಗಶಾಲೆಯ ಒಡೆಯರು ವಿಲ್‌ಹೆಲ್ಮ್ ವೀನ್. 1911ರಲ್ಲಿ ನೊಬೆಲ್ ಬಹುಮಾನ ಪಡೆದವರು, ಶಿಸ್ತಿನ ಮನುಷ್ಯರು.

ಗಣಿತದ ಪ್ರಶ್ನೆಗಳು ಸುಲಭವಾಗಿ ದಾಟಿದವು. ಬಳಿಕ ವೀನರ ಸರದಿ. ಬೆಳಕಿನ ಅಲೆಗಳನ್ನು ಅಳೆಯುವ ಒಂದು ಉಪಕರಣದ ಹೆಸರು ಹೇಳಿ, ಹತ್ತಿರಹತ್ತಿರವಿರುವ ಎರಡು ರೇಖೆಗಳನ್ನು ಬೇರ್ಪಡಿಸಿ ತೋರಿಸುವ ಅದರ ಸಾಮರ್ಥ್ಯವೆಷ್ಟೆಂದು ಕೇಳಿದರು. ಉತ್ತರವಿಲ್ಲ. ದೂರದರ್ಶಕದ ಸಾಮರ್ಥ್ಯ? ತಿಳಿಯದು. ಸೂಕ್ಷ್ಮದರ್ಶಕದ್ದು? ಅದೂ ತಿಳಿಯದು. ವೀನರು ಕೆರಳಿ, ಬ್ಯಾಟರಿ ಹೇಗೆ ಕೆಲಸಮಾಡುತ್ತದೆಂಬುದನ್ನಾದರೂ ಹೇಳು ಎಂದರು. ಹುಡುಗ ಮೂಕನಾದನು. ಇಂತಹವನಿಗೆ ಭೌತಶಾಸ್ತ್ರದಲ್ಲಿ ಡಾಕ್ಟರೇಟೇ ಎಂದು ವೀನರ ವಾದ. ಇಂತಹ ಪ್ರತಿಭೆಯನ್ನು ಅನುತ್ತೀರ್ಣಗೊಳಿಸುವುದೇ ಎಂದು ಸಾಮರ್‌ಫೆಲ್ಡರ ವಾದ. ಅಲ್ಲಿ ಒಂದನೆಯ ದರ್ಜೆ ಅತ್ಯುತ್ತಮ, ಐದನೆಯದು ಕನಿಷ್ಠ. ಸಾಮರ್‌ಫೆಲ್ಡರು ಒಂದು ಕೊಟ್ಟರು, ವೀನರು ಐದು ಕೊಟ್ಟರು. ಭೌತಶಾಸ್ತ್ರಕ್ಕೆ ಕೂಡಿ ಒಂದೇ ದರ್ಜೆ ಕೊಡಬೇಕಾದ್ದರಿಂದ, ನಡುವಣ ಮೂರಕ್ಕೆ ಇಳಿದು ಹುಡುಗ ಹೇಗೋ ದಡ ಮುಟ್ಟಿದನು.

ಯಾರದು ಸರಿ? ವೀನರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ. ಹಲವರು ಮಾಡಿಯೂ ಇದ್ದಾರೆ. ಆದರೆ ಬ್ಯಾಟರಿಯ ವಿಷಯ ತಿಳಿಯದವನನ್ನು ಭೌತಶಾಸ್ತ್ರದ ಪಂಡಿತನೆಂದು ಒಪ್ಪಲು ಹಿಂಜರಿದ ಪರೀಕ್ಷಕರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಸಾಮರ್‌ಫೆಲ್ಡರು ಕೂಡ ಆ ಉತ್ತರಗಳು ಸರಿಯೆಂದು ವಾದಿಸಲಿಲ್ಲ. ಅವರಿಗೆ ಆ ಒಂದು ಮಧ್ಯಾಹ್ನದ ಆಚೆಗೆ ಮೂರು ವರ್ಷಗಳ ಹುಡುಗ ಕಾಣುತ್ತಿದ್ದನು. ವೀನರಿಗೆ ಆ ಮಧ್ಯಾಹ್ನ ಮಾತ್ರ ಕಾಣುತ್ತಿತ್ತು. ಅಂದು ಸಂಜೆ ಸಾಮರ್‌ಫೆಲ್ಡರು ತಮ್ಮ ಮನೆಯಲ್ಲಿ ಏರ್ಪಡಿಸಿದ್ದ ಸಂತೋಷಕೂಟದಿಂದ ಹುಡುಗ ಬೇಗನೆ ಎದ್ದುಹೋದನು. ನಡುರಾತ್ರಿಯ ರೈಲು ಹಿಡಿದು ಬೆಳಗಾಗುವಾಗ ಗಾಟಿಂಗೆನ್ ಸೇರಿ, ಬಾರ್ನರ ಮುಂದೆ ನಿಂತು, ಇಂತಹ ಫಲಿತಾಂಶವಾದ ಮೇಲೂ ತನ್ನನ್ನು ಸಹಾಯಕನಾಗಿ ಇಟ್ಟುಕೊಳ್ಳುವಿರಾ ಎಂದು ಕೇಳಿದನು. ಬಾರ್ನರು ಪ್ರಶ್ನೆಗಳನ್ನೆಲ್ಲ ಕೇಳಿ ತಿಳಿದು, ಅವು ತೊಡಕಿನವೇ ಎಂದು ಸಮಾಧಾನ ಹೇಳಿ, ಇಟ್ಟುಕೊಂಡರು.

ನಾಲ್ಕು ವರ್ಷಗಳ ಮೇಲೆ, 1927ರಲ್ಲಿ, ಹೈಸೆನ್‌ಬರ್ಗರು ತಮ್ಮ ಪ್ರಸಿದ್ಧವಾದ ಅನಿಶ್ಚಿತತಾ ತತ್ತ್ವವನ್ನು ಪ್ರತಿಪಾದಿಸಿದಾಗ ಅದನ್ನು ವಿವರಿಸಲು ಆರಿಸಿಕೊಂಡದ್ದು ಒಂದು ಕಾಲ್ಪನಿಕ ಸೂಕ್ಷ್ಮದರ್ಶಕ! ಆ ವಿವರಣೆಯಲ್ಲಿ ಬೋರರು ದೋಷವೊಂದನ್ನು ಎತ್ತಿತೋರಿಸಿದರು. ದೋಷವಿದ್ದದ್ದು ಸೂಕ್ಷ್ಮದರ್ಶಕದ ಬೇರ್ಪಡಿಸುವ ಸಾಮರ್ಥ್ಯಕ್ಕೆ ಸಂಬಂಧಪಟ್ಟಂತೆಯೇ. ವೀನರ ಪ್ರಶ್ನೆ ಅಷ್ಟು ದೂರ ಬೆನ್ನಟ್ಟಿ ಬಂದಿತ್ತು. ತತ್ತ್ವಕ್ಕೆ ಕುಂದು ಬರಲಿಲ್ಲವೆಂಬುದು ಬೇರೆ ಮಾತು.

ಶಿಷ್ಯರು ಮೇಷ್ಟರ ಮಿತಿಗಳನ್ನೂ ಅರಿತಿದ್ದರು. ಸಾಮರ್‌ಫೆಲ್ಡರಿಗೆ ಲೆಕ್ಕ ಕೂಡಿಬಂದರೆ ತೃಪ್ತಿ. ಕ್ವಾಂಟಂ ಎಂಬುದರ ಅಂತರಾರ್ಥವೇನೆಂದು ತಲೆಕೆಡಿಸಿಕೊಳ್ಳುವುದು ಅವರ ಜಾಯಮಾನವಲ್ಲ. ತಮ್ಮಿಂದಾಗುವುದು ಕ್ವಾಂಟಂಗಳ ಕುಶಲಕರ್ಮ ಮಾತ್ರ, ಅದರ ತತ್ತ್ವವನ್ನು ನೀವು ಕಟ್ಟಬೇಕು ಎಂದು ಅವರೇ ಐನ್‌ಸ್ಟೈನರಿಗೆ ಬರೆದಿದ್ದರು. ತಾವು ಮ್ಯೂನಿಕ್ಕಿನಲ್ಲಿ ಆಶಾವಾದವನ್ನೂ, ಗಾಟಿಂಗೆನ್‌ನಲ್ಲಿ ಗಣಿತವನ್ನೂ, ಬೋರರ ಬಳಿ ಭೌತಶಾಸ್ತ್ರವನ್ನೂ ಕಲಿತುದಾಗಿ ಹೈಸೆನ್‌ಬರ್ಗರು ಹೇಳುತ್ತಿದ್ದರು. ಭೌತಶಾಸ್ತ್ರದ ಮೇಷ್ಟರಿಗೆ ಇದು ಹೊಗಳಿಕೆಯೋ ಅಲ್ಲವೋ ಎಂದು ಓದುಗರು ಒಂದು ಗಳಿಗೆ ನಿಂತು ಯೋಚಿಸಬಹುದು. ಐನ್‌ಸ್ಟೈನರ ಕಾಗದದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ: ನೆಲವನ್ನು ಕಾಲಿನಿಂದ ಮೆಟ್ಟಿ ಚಿಮ್ಮಿಸಿದಂತೆ ಇಷ್ಟೊಂದು ಎಳೆಯ ಪ್ರತಿಭೆಗಳನ್ನು ಎಬ್ಬಿಸಿದಿರಲ್ಲ, ಅದನ್ನೇ ನಾನು ಮೆಚ್ಚುತ್ತೇನೆ ಎಂಬ ಅರ್ಥದಲ್ಲಿ ಅವರು 1922ರಲ್ಲಿ ಸಾಮರ್‌ಫೆಲ್ಡರಿಗೆ ಬರೆದರು. ಸಾಮರ್‌ಫೆಲ್ಡರ ಹೆಸರು ನೊಬೆಲ್ ಬಹುಮಾನಕ್ಕೆ 84 ಸಲ ಸೂಚಿತವಾಯಿತು; ಒಮ್ಮೆಯೂ ಬರಲಿಲ್ಲ. ತಮ್ಮ ಎಲ್ಲಕ್ಕಿಂತ ದೊಡ್ಡ ಆವಿಷ್ಕಾರ ಡಿಬೈ ಎಂದು ಅವರು ಹೇಳುತ್ತಿದ್ದರಂತೆ.

1928ರಲ್ಲಿ ಅವರು ಭಾರತಕ್ಕೂ ಬಂದಿದ್ದರು. ರಾಮನ್ ಪರಿಣಾಮ ಬೆಳಕಿಗೆ ಬಂದ ವರ್ಷವದು. ಕಲ್ಕತ್ತೆಯಲ್ಲಿ ಅವರು ಹೊಸ ತರಂಗ ಯಂತ್ರಶಾಸ್ತ್ರದ ಮೇಲೆ ಉಪನ್ಯಾಸಗಳನ್ನು ಕೊಟ್ಟಾಗ, ರಾಮನ್ನರ ಸಹೋದ್ಯೋಗಿ ಕೆ. ಎಸ್. ಕೃಷ್ಣನ್ ಅವನ್ನು ಬರೆದುಕೊಂಡು, ವಿಸ್ತರಿಸಿ, ಪುಸ್ತಕದ ರೂಪಕ್ಕೆ ತಂದರು. ಹಸ್ತಪ್ರತಿಯನ್ನು ನೋಡಿದ ಸಾಮರ್‌ಫೆಲ್ಡರು, ಪುಸ್ತಕ ಇಬ್ಬರ ಹೆಸರಿನಲ್ಲೂ ಬರಬೇಕೆಂದರು. ಕೃಷ್ಣನ್ನರು ವಿನಯದಿಂದ ಒಲ್ಲೆನೆಂದರು. ಕೆಲವು ದಿನಗಳ ಕೇಳುಗನಿಗೂ ಮ್ಯೂನಿಕ್ಕಿನ ಶಿಷ್ಯನಿಗೆ ಸಲ್ಲುವಷ್ಟೇ ಪಾಲು ಸಲ್ಲಬೇಕೆಂಬುದು ಅವರ ಲೆಕ್ಕವಾಗಿತ್ತು.

ಹಾನ್ಸ್ ಬೆಥೆ 1926ರಲ್ಲಿ, ಇನ್ನೂ ಇಪ್ಪತ್ತು ತುಂಬದಿದ್ದಾಗ, ಮ್ಯೂನಿಕ್ಕಿಗೆ ಬಂದನು. ಆ ವರ್ಷ ಶ್ರೋಡಿಂಗರರ ತರಂಗ ಯಂತ್ರಶಾಸ್ತ್ರದ ಲೇಖನಗಳು ಒಂದರ ಹಿಂದೊಂದು ಹೊರಬರುತ್ತಿದ್ದವು. ಐವತ್ತೇಳು ವರ್ಷದ ಮೇಷ್ಟರು ಅವನ್ನು ತಾವೊಬ್ಬರೇ ಓದಿ ಅರೆದು ಹುಡುಗರಿಗೆ ಕುಡಿಸಲಿಲ್ಲ. ಒಂದೊಂದು ಭಾಗವನ್ನು ಒಬ್ಬೊಬ್ಬ ಹುಡುಗನಿಗೆ ಹಂಚಿ, ಗೋಷ್ಠಿಯಲ್ಲಿ ವಿವರಿಸಹೇಳಿ, ತಾವೂ ಕೇಳಿ ಕಲಿತರು. ಮುಂದೆ 1933ರಲ್ಲಿ ಲೋಹಗಳ ಎಲೆಕ್ಟ್ರಾನ್ ಸಿದ್ಧಾಂತದ ಮೇಲೆ ಗುರುಶಿಷ್ಯರಿಬ್ಬರ ಹೆಸರಿನಲ್ಲಿ ಬೃಹತ್ತಾದ ಲೇಖನವೊಂದು ಪ್ರಕಟವಾಯಿತು. ಅದರಲ್ಲಿ ಮೊದಲ ಅಧ್ಯಾಯ ಮಾತ್ರ ಗುರುಗಳದು, ಮಿಕ್ಕದ್ದೆಲ್ಲ ಶಿಷ್ಯನದೆಂಬುದು ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು.

ಅದೇ 1933ರ ಏಪ್ರಿಲ್‌ನಲ್ಲಿ ಹಿಟ್ಲರನ ಸರ್ಕಾರ ಯೆಹೂದ್ಯ ಮೂಲದವರನ್ನು ಸರ್ಕಾರಿ ನೌಕರಿಯಿಂದ ತೆಗೆದುಹಾಕುವ ಕಾನೂನನ್ನು ಹೊರಡಿಸಿತು. ಬೆಥೆಯ ತಾಯಿ ಯೆಹೂದ್ಯರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಅವನಿಗಿದ್ದ ಅಧ್ಯಾಪಕನ ಕೆಲಸ ಹೋಯಿತು. ಅಲ್ಲಿಯ ಹಿರಿಯ ಪ್ರಾಧ್ಯಾಪಕರಿಗೆ ಕಾಗದ ಬರೆದಾಗ ಎರಡು ಸಾಲಿನ ಒಣ ಉತ್ತರ ಬಂತು; ಮರುಕದ ಮಾತೊಂದೂ ಅದರಲ್ಲಿರಲಿಲ್ಲ. ಮ್ಯೂನಿಕ್ಕಿಗೆ ಬರೆದಾಗ, ಹೊರಟುಬಾ, ನಿನ್ನ ವಿದ್ಯಾರ್ಥಿವೇತನ ಸಿದ್ಧವಾಗಿದೆ ಎಂದು ಸಾಮರ್‌ಫೆಲ್ಡರ ಉತ್ತರ ಬಂತು. ಆ ಬೇಸಗೆಯನ್ನು ಬೆಥೆ ಹಳೆಯ ಗುರುಗಳ ನೆರಳಿನಲ್ಲಿ ಕಳೆದು, ಬಳಿಕ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೂ, 1935ರಲ್ಲಿ ಅಮೆರಿಕದ ಕಾರ್ನೆಲ್ಲಿಗೂ ಹೋದನು. ಕೆಲಸ ಕಳೆದುಕೊಂಡ ಇನ್ನೂ ಅನೇಕರಿಗಾಗಿ ಸಾಮರ್‌ಫೆಲ್ಡರು ಪರದೇಶದ ಮಿತ್ರರಿಗೆ ಕಾಗದಗಳನ್ನು ಬರೆಯುತ್ತಲೇ ಇದ್ದರು. ಅಂದು ಗಾಟಿಂಗೆನ್‌ನಲ್ಲಿ ಹೈಸೆನ್‌ಬರ್ಗನಿಗೆ ಆಸರೆ ಕೊಟ್ಟ ಬಾರ್ನರೂ ಅದೇ ಕಾನೂನಿನಿಂದ ಪೀಠ ಕಳೆದುಕೊಂಡು ಆಸರೆ ಅರಸಬೇಕಾಯಿತು. 1935-36ರಲ್ಲಿ ಅವರು ರಾಮನ್ನರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದು, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸುಮಾರು ಆರು ತಿಂಗಳು ಇದ್ದರು. ಶಾಶ್ವತವಾದ ಸ್ಥಾನವೊಂದನ್ನು ಅವರಿಗೆ ದೊರಕಿಸಲು ರಾಮನ್ನರು ಪಟ್ಟ ಪ್ರಯತ್ನ ಕೈಗೂಡಲಿಲ್ಲ.

ಸಾಮರ್‌ಫೆಲ್ಡರ ಪೀಠಕ್ಕೆ ಹೈಸೆನ್‌ಬರ್ಗರೇ ಬರಬೇಕೆಂದು ವಿಶ್ವವಿದ್ಯಾನಿಲಯ ಬಯಸಿತು. 1937ರಲ್ಲಿ ನಾಜಿ ಪಡೆಯ ಪತ್ರಿಕೆಯೊಂದು ಹೈಸೆನ್‌ಬರ್ಗರನ್ನು ಬಿಳಿಯ ಯೆಹೂದ್ಯನೆಂದು ಜರೆಯಿತು. 1939ರಲ್ಲಿ ಆ ಪೀಠಕ್ಕೆ ಬಂದವರು, ಹೊಸ ಭೌತಶಾಸ್ತ್ರವನ್ನೇ ದ್ವೇಷಿಸುತ್ತಿದ್ದ ಬೇರೊಬ್ಬರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಟ್ಟಿದ ಗುರುಕುಲ ಕಣ್ಣೆದುರಿನಲ್ಲೇ ಪಾಳುಬಿತ್ತು. ಯುದ್ಧ ಬಂದಾಗ ಒಂದೇ ಗೋಷ್ಠಿಯಲ್ಲಿ ಕಲಿತವರು ಎದುರು ಬದುರು ಪಾಳೆಯಗಳಲ್ಲಿದ್ದರು: ಹೈಸೆನ್‌ಬರ್ಗರು ಜರ್ಮನಿಯ ಯುರೇನಿಯಂ ಸಂಶೋಧನೆಯಲ್ಲಿ, ಬೆಥೆ ಅಮೆರಿಕದ ಲಾಸ್ ಅಲಮೋಸಿನಲ್ಲಿ ಅಣುಬಾಂಬಿನ ಸೈದ್ಧಾಂತಿಕ ವಿಭಾಗದ ಮುಖ್ಯಸ್ಥರಾಗಿ. ಯುದ್ಧ ಮುಗಿದ ಮೇಲೆ ಇಬ್ಬರ ಕಾಗದಗಳೂ ಮ್ಯೂನಿಕ್ಕಿನ ಅದೇ ವಿಳಾಸಕ್ಕೆ ಬಂದವು. ಕಿವಿ ಮಂದವಾಗಿದ್ದ ಮುದುಕರು 1951ರ ವಸಂತದಲ್ಲಿ ಮೊಮ್ಮಕ್ಕಳೊಡನೆ ನಡೆದುಹೋಗುತ್ತಿದ್ದಾಗ ವಾಹನವೊಂದು ಬಡಿದು, ಏಪ್ರಿಲ್ 26ರಂದು ತೀರಿಕೊಂಡರು.

ಪೌಲಿಯ ಮಾತೊಂದು ಉಳಿಯಿತು. ಪೌಲಿ ದೊಡ್ಡವರಾದ ಮೇಲೂ ಅವರ ನಾಲಗೆಯ ಅಲಗು ಮೊಂಡಾಗಲಿಲ್ಲ. ಐನ್‌ಸ್ಟೈನರನ್ನೂ ಬೋರರನ್ನೂ ಎದುರಿಗೇ ಖಂಡಿಸುತ್ತಿದ್ದವರು. ಜೂರಿಕ್ಕಿನಲ್ಲಿ ಅವರ ಸಹಾಯಕರಾಗಿದ್ದವರಂತೂ ದಿನಕ್ಕೊಮ್ಮೆ ಏಟು ತಿನ್ನದೆ ಇರುತ್ತಿರಲಿಲ್ಲ. ಅಂತಹವರು 1938ರಲ್ಲಿ, ಗುರುಗಳಿಗೆ ಎಪ್ಪತ್ತು ತುಂಬಿದಾಗ, ಒಂದು ಕಾಗದ ಬರೆದರು. ಹದಿನೆಂಟನೆಯ ವಯಸ್ಸಿನಲ್ಲಿ ತಮ್ಮನ್ನು ಮೊದಲು ಕಂಡಂದಿನಿಂದ ತಮ್ಮ ಹುಬ್ಬು ಗಂಟಿಕ್ಕಿದರೆ ನನಗೆ ಅಳುಕು. ತಮ್ಮೊಬ್ಬರಿಂದಲೇ ಅದು ಹೇಗೆ ಸಾಧ್ಯವಾಯಿತೆಂಬ ಗುಟ್ಟನ್ನು ನನ್ನ ಮುಂದಿನ ಮೇಲಧಿಕಾರಿಗಳೆಲ್ಲ ತಿಳಿಯಲು ಬಯಸಿಯಾರು ಎಂದು ಅದರ ಭಾವ. ಸಾಮರ್‌ಫೆಲ್ಡರು ಜೂರಿಕ್ಕಿಗೆ ಬಂದಾಗ ಪೌಲಿಯವರು ಎದ್ದುನಿಂತು, ತಲೆಬಾಗಿ, ಪ್ರತಿ ಮಾತಿಗೂ ಅವರನ್ನು ಗೆಹೈಮ್‌ರಾಟ್ ಎಂದೇ ಸಂಬೋಧಿಸುತ್ತಿದ್ದರು. ಹಳೆಯ ಮೈಸೂರಿನಲ್ಲಿ ಅರಮನೆಯಿಂದ ಕೊಡುತ್ತಿದ್ದ ರಾಜಸೇವಾಸಕ್ತ ಎಂಬುದರ ಹಾಗೆ ಅದೊಂದು ಗೌರವದ ಬಿರುದು. ಹೌದು, ಗೆಹೈಮ್‌ರಾಟರೇ, ಅಲ್ಲ, ಗೆಹೈಮ್‌ರಾಟರೇ, ತಾವು ಹೇಳಿದ್ದು ಸರಿ, ಗೆಹೈಮ್‌ರಾಟರೇ. ಗೋಡೆಯ ಬದಿಯಲ್ಲಿ ನಿಂತು ಇದನ್ನು ನೋಡುತ್ತಿದ್ದ ವೈಸ್ಕೋಪ್ಫ್ ಮೊದಲಾದ ಕಿರಿಯರಿಗೆ ಆ ದಿನ ಹಬ್ಬವಾಗಿರುತ್ತಿತ್ತು.